ಉದುರದ ರಬ್ಬರ್ ಕೂದಲು

ಬೆರಳಿಗೆ ಮತ್ತೆ ಅದೇ ಕರಿ ಮೆತ್ತಿತು, ಗಂಡ ಮರ್ವ್ ನಿನ್ನೆ ಸಂಜೆ ಟೈರಿಗೆ ತಿಕ್ಕಿದ ಪಾಲಿಶ್, ಗ್ಲೆನಿಸ್ ಅದನ್ನು ಪ್ಯಾಂಟಿಗೆ ಒರೆಸಿಕೊಂಡಳು, ಹೊರಡುವ ದಿನವೇ ಪ್ಯಾಂಟು ಕೊಳೆ, ಆಗಲಿ — ಕಾರಿಗೆ ಕಟ್ಟಿದ ಮನೆಗಾಡಿ ಕ್ಯಾರವಾನಿನ ಅಡಿಗೆ ತೂರಿ ಚಕ್ರಕ್ಕೆ ಕೊಟ್ಟ ಮರದ ತುಂಡು ಎಳೆಯುವ ಕೆಲಸ ಅವಳದ್ದು, ಗಂಡನ ಮಂಡಿ ಬಗ್ಗುವುದಿಲ್ಲ, ಅವನು ಮುಂದೆ ಕಾರಿನಲ್ಲಿ ಎಂಜಿನ್ ಹಾಕಿ ಕೂತಿದ್ದಾನೆ, ತುಂಡು ಬಂತು, ಅದರ ಹಿಂದೆಯೇ ಟೈರಿನ ಒಳಮೈ ಕಣ್ಣಿಗೆ ಬಿತ್ತು, ಪಾಲಿಶ್ ಎಂದೂ ಮುಟ್ಟದ ಮೈ, ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿರುಕು, ನಡುವೆ ನಾಲ್ಕು ಅಂಕಿ, ಹದಿನೇಳು ಹನ್ನೊಂದು, ಅಂದರೆ ಎರಡು ಸಾವಿರದ ಹನ್ನೊಂದರ ಹದಿನೇಳನೇ ವಾರ ಹುಟ್ಟಿದ ಟೈರು, ಆಗ ಮೊಮ್ಮಗಳು ಇನ್ನೂ ಹುಟ್ಟಿರಲಿಲ್ಲ, ಈಗ ಹೈಸ್ಕೂಲು — ಮೊನ್ನೆ ಪಕ್ಕದ ಮನೆ ಕೆವ್ ಬೇಲಿ ಮೇಲಿಂದ ಬಗ್ಗಿ, ಎಷ್ಟು ಹಳೇದಯ್ಯಾ ಇವು ಅಂದದ್ದಕ್ಕೆ ಮರ್ವ್ ಟೈರಿನ ಗೀರಿಗೆ ನಾಣ್ಯ ತೂರಿಸಿ ತೋರಿಸಿದ್ದ, ಎಷ್ಟು ಆಳ ಇದೆ ನೋಡೋ, ಕೂದಲು ಕೂಡ ಉದುರಿಲ್ಲ, ಹೌದು, ಹೊಸ ಟೈರಿಗೆ ಇರುವ ಆ ರಬ್ಬರ್ ಕೂದಲು, ರಸ್ತೆಗಿಳಿದ ಕೆಲವೇ ದಿನಕ್ಕೆ ಸವೆದು ಹೋಗಬೇಕಾದದ್ದು, ಇಲ್ಲಿ ಒಂದೊಂದೂ ಹಾಗೇ ನಿಂತಿದೆ, ಕೆವ್ ತಲೆಯಾಡಿಸಿದ್ದ, ಸವೆತ ನೋಡಬೇಡ ಮಾರಾಯ, ವಯಸ್ಸು ನೋಡು, ಕೂತ ಟೈರೇ ಬೇಗ ಸಾಯೋದು, ಬಿಸಿ ರಸ್ತೇಲಿ ಒಡೀತು ಅಂದ್ರೆ ಕಾರನ್ನೂ ಎಳ್ಕೊಂಡು ಮಗುಚತ್ತೆ.

ಹೇಳಲೇ ಬೇಡವೇ, ಹೇಳಿದರೆ ಹೊಸ ಟೈರು ತರಿಸಬೇಕು, ಒಂದು ವಾರ ಎನ್ನುತ್ತಾನೆ, ಅವನ ವಾರ ಎಷ್ಟುದ್ದ ಎಂದು ಅವಳಿಗೆ ಗೊತ್ತು, ಒಂದು ವರ್ಷ ಅವನ ಅಮ್ಮನ ಕಾಯಿಲೆ, ಒಂದು ವರ್ಷ ನೆರೆ ಬಂದು ಊರು ಬಂಡಬರ್ಗ್ ಪೂರ್ತಿ ನೀರು, ಆಮೇಲೆ ಮಂಡಿ, ಮುಂದಿನ ಚಳಿಗಾಲ ಖಂಡಿತ ಕಣೇ, ಚಳಿ ಶುರುವಾಗುವ ಮೇ ತಿಂಗಳು ಬಂತೆಂದರೆ ಊರವರ ಕ್ಯಾರವಾನುಗಳೆಲ್ಲ ಬೆಚ್ಚಗಿನ ಉತ್ತರಕ್ಕೆ ಹೊರಡುತ್ತವೆ, ಇವಳು ಗೇಟಿನಲ್ಲಿ ನಿಂತು ಕೈ ಬೀಸುತ್ತಾಳೆ, ಫ್ರಿಜ್ಜಿಗೆ ಅಂಟಿಸಿದ ಚಿತ್ರದಲ್ಲಿ ಅವರು ಹೋಗಬೇಕಾದ ಬ್ರೂಮ್ ಕಡಲತೀರ, ಕೆಂಪು ಮಣ್ಣೂ ನೀಲಿ ನೀರೂ ಬಿಳಿಚಿ ಒಂದೇ ಬಣ್ಣವಾಗಿವೆ — ಹೇಳದಿದ್ದರೆ ಹೋಗಬಹುದು, ದಾರಿಯಲ್ಲಿ ಸಿಗುವ ರಾಕ್‌ಹ್ಯಾಂಪ್ಟನ್‌ವರೆಗೆ ನಿಧಾನಕ್ಕೆ ಹೋಗಿ ಅಲ್ಲಿ ಹಾಕಿಸಿದರಾಯಿತು, ಅಷ್ಟು ದೂರ ತಡೆಯಲಾರವೇ, ತಡೆಯದಿದ್ದರೆ — ದೇವರೇ, ಸಾಕಾಗಿದೆ ಅವಳಿಗೆ, ಕಾಯುವುದೂ ಸಾಕು, ಆಸೆಪಡುವುದೂ ಸಾಕು, ರಸ್ತೆಗೆ ಬಂದು ನಿಂತಳು, ಎರಡೂ ಬದಿ ಖಾಲಿ, ಕಾರಿನ ಗಾಜಿನಾಚೆ ಮರ್ವ್ ಅವಳ ಕೈಯನ್ನೇ ನೋಡುತ್ತಿದ್ದಾನೆ, ಬೀಸಿದರೆ ಬಾ, ಅಂಗೈ ತೋರಿಸಿದರೆ ನಿಲ್ಲು, ಗಂಡ ಹೆಂಡತಿ ಇಷ್ಟನ್ನು ಅಭ್ಯಾಸ ಮಾಡುತ್ತಲೇ ಮುದುಕರಾದರು, ಕೈ ಮೇಲೆದ್ದಿತು, ಬೀಸಲಿಲ್ಲ, ಅಂಗೈ.

ನಿಲ್ಸು ಮರ್ವ್, ಟೈರು ಸತ್ತಿದೆ ಕಣೋ, ಎಂದು ಕೂಗಿದಳು, ಈಗ ರೇಗುತ್ತಾನೆ, ನಾಣ್ಯ ತೆಗೆಯುತ್ತಾನೆ, ಏನಾಗಲ್ಲ ಕಾರು ಹತ್ತೇ ಅನ್ನುತ್ತಾನೆ, ಅನ್ನಲಿ, ಒಮ್ಮೆಯಾದರೂ ಅನ್ನಲಿ, ಜಗಳವಾಡಿಯಾದರೂ ಹೋಗೋಣ — ಎಂಜಿನ್ ಆಗಲೇ ಆರಿತ್ತು, ಅವಳ ಮಾತು ಮುಗಿಯುವ ಮೊದಲೇ, ಕಿಟಕಿಯಿಂದ ತಲೆ ಹೊರಹಾಕಿ ಮರ್ವ್, ಸರಿ ಬಿಡೇ, ಮುಂದಿನ ಚಳಿಗಾಲ ನೋಡೋಣ ಎಂದ, ದನಿಯಲ್ಲಿ ಎಷ್ಟು ನೆಮ್ಮದಿ, ಸ್ಕೂಲಿಗೆ ರಜೆ ಸಿಕ್ಕ ಹುಡುಗನ ನೆಮ್ಮದಿ, ಅಮ್ಮನ ಕಾಯಿಲೆಯಲ್ಲ, ನೀರಲ್ಲ, ಮಂಡಿಯೂ ಅಲ್ಲ, ಅವನಿಗೆ ಹೋಗುವುದೇ ಬೇಕಿರಲಿಲ್ಲ, ಪಾಲಿಶ್ ಮಾಡುವುದು ಬೇಕಿತ್ತು, ಅವಳ ಕಣ್ಣು ಟೈರಿನ ಮೇಲೆ ನಿಂತುಬಿಟ್ಟಿತು, ಬಿಸಿಲಿಗೆ ಮಿರುಗುವ ಕರಿ, ಅದರ ಮೇಲೆ ಆ ಕೂದಲು, ಸಣ್ಣ ಕೂದಲು, ಒಂದೂ ಉದುರಿಲ್ಲ