ಮುಂದಿನ ಹಲಗೆಯಲ್ಲಿ ಕೂತವನು

ಆಲ್ವಾರ್ ನೀಮಿ ಹೊಸ ದೋಣಿ ಕೊಳ್ಳುತ್ತಾನಂತೆ ಎಂಬ ಸುದ್ದಿ ಟಮರಾಕ್ ಸರೋವರದ ದಂಡೆಗೆ ಅವನಿಗಿಂತ ಮೊದಲೇ ಬಂದು ಕೂತಿತ್ತು. ಆ ಊರೇ ಹಾಗೆ. ಚಳಿಗಾಲವಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಮಂಜುಗಡ್ಡೆ ಒಡೆದು ನೀರು ಕಾಣಿಸಿದ ಕೂಡಲೇ ಪಕ್ಕದ ಮನೆಯವರ ದೋಣಿ, ಮೋಟರು, ಸೊಂಟನೋವು ಎಲ್ಲವನ್ನೂ ಮಾತಿಗೆ ಎಳೆದುಕೊಳ್ಳುತ್ತಾರೆ. ಆಲ್ವಾರನ ವಿಷಯದಲ್ಲಂತೂ ಮಾತಾಡಲು ಬೇಕಾದಷ್ಟಿತ್ತು. ಹೋದ ಶರತ್ಕಾಲದಲ್ಲಿ ಅವನ ಹೆಂಡತಿ ಲೆಂಪಿ ತೀರಿಕೊಂಡಳು. ಅದಾದ ಮೇಲೆ ಬೀಸಿದ ಹಿಮಗಾಳಿಗೆ ಪೈನ್ ಮರವೊಂದು ದೋಣಿಮನೆಯ ಮೇಲೆ ಉರುಳಿ ಅವರ ಹಳೆಯ ಅಲ್ಯುಮಿನಿಯಂ ದೋಣಿ ಅಪ್ಪಚ್ಚಿಯಾಯಿತು. ಸರೋವರದ ಆಚೆ ದಡದಲ್ಲಿ ಅವನದೊಂದು ಮರದ ಮನೆಯಿದೆ. ಅಲ್ಲಿಗೆ ರಸ್ತೆಯಿಲ್ಲ. ದೋಣಿಯಿಲ್ಲದಿದ್ದರೆ ಆ ಮನೆಯೂ ಇಲ್ಲದ ಹಾಗೆಯೇ.

"ಮಾರಿಬಿಡೋ ಅದನ್ನ," ಎಂದು ತಂಗಿ ಇರ್ಯಾ ಚಳಿಗಾಲವೆಲ್ಲ ಅವನ ತಲೆ ತಿಂದಿದ್ದಳು. "ಒಬ್ಬನೇ ಅಲ್ಲಿ ಹೋಗಿ ಏನು ಮಾಡ್ತೀಯ? ಗೋಡೆ ಜೊತೆ ಮಾತಾಡ್ತೀಯಾ?"

"ಗೋಡೆ ಎದುರು ಮಾತಾಡಲ್ಲ. ಅಷ್ಟಾದರೂ ನೆಮ್ಮದಿ," ಎಂದಿದ್ದ ಆಲ್ವಾರ್.

ಹೀಗೆಂದರೂ ಅವನಿಗೆ ಒಳಗೊಳಗೇ ಭಯವಿತ್ತು. ಕಾರಣ ಊರಿಗೆಲ್ಲ ಗೊತ್ತಿತ್ತು, ಲೆಂಪಿ ಹೋದಮೇಲೆ ಯಾರೂ ಅದನ್ನು ಎದುರಿಗೆ ಆಡುತ್ತಿರಲಿಲ್ಲ. ಆಲ್ವಾರನಿಗೆ ಮೋಟರು ಓಡಿಸಲು ಬರುತ್ತಿರಲಿಲ್ಲ. ಮೀನುಗಾರನ ಮಗಳಾದ ಲೆಂಪಿ ಹಿಂದೆ ಕೂತು ಮೋಟರಿನ ಹಿಡಿಕೆ ಹಿಡಿಯುತ್ತಿದ್ದಳು. ಇವನು ಮುಂದಿನ ಹಲಗೆಯಲ್ಲಿ ನೀರಿಗೆ ಮುಖ ಮಾಡಿ ಕೂರುತ್ತಿದ್ದ. ಟಮರಾಕಿನ ಹೊಟ್ಟೆ ತುಂಬ ಬಂಡೆಗಳು, ಬೇಸಿಗೆ ಬಲಿತಷ್ಟೂ ಮೇಲೆದ್ದು ಬರುತ್ತವೆ. ಅವೆಲ್ಲ ಆಲ್ವಾರನಿಗೆ ಬಾಯಿಪಾಠ. ಮೋಟರಿನ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲವೆಂದು ಅವನು ಕೈಯೆತ್ತಿ ತೋರಿಸುತ್ತಿದ್ದ: ಎಡಗೈ ಚಾಚಿದರೆ ಎಡಕ್ಕೆ, ಬಲಗೈ ಚಾಚಿದರೆ ಬಲಕ್ಕೆ, ಮುಷ್ಟಿ ಬಿಗಿದರೆ ನಿಧಾನ. ಮದುವೆಯಾದ ವರ್ಷದಿಂದಲೂ ಅವರ ದೋಣಿ ಹೀಗೆಯೇ ಹೋಗಿಬರುತ್ತಿತ್ತು. ದಂಡೆಯ ಮೇಲಿನ ಪೋಲಿಗಳು, "ಏನಪ್ಪಾ ಆಲ್ವಾರ್, ಹೆಂಡತಿ ಸವಾರಿ ಕರ್ಕೊಂಡು ಹೋಗ್ತಿದಾಳಾ?" ಎಂದು ಕೆಣಕುತ್ತಿದ್ದರು. ಅವನು ತಿರುಗಿಯೂ ನೋಡುತ್ತಿರಲಿಲ್ಲ. ಮುಂದೆ ಕೂತವನು ತಿರುಗಬಾರದು, ಅದೇ ಅವನ ಹೆಮ್ಮೆ.

ದೋಣಿ ಮಾರುವ ಮಾರ್ಸೆಲ್ ಎರಡು ದೋಣಿಗಳನ್ನು ನೀರಿಗಿಳಿಸಿ ಕಟ್ಟೆಗೆ ಕಟ್ಟಿದ್ದ. ಎರಡೂ ಅಲ್ಯುಮಿನಿಯಮ್ಮಿನವೇ, ಎರಡೂ ಚಿಕ್ಕವೇ. ಒಂದು ಹಳೆಯದರ ಅವಳಿಯಂತಿತ್ತು: ಅಡ್ಡ ಹಲಗೆಗಳು, ಹಿಂದೆ ಹಿಡಿಕೆಯ ಮೋಟರು. ಇನ್ನೊಂದಕ್ಕೆ ಕಾರಿನಂತೆ ಸ್ಟೇರಿಂಗ್, ಮುಂದೆ ಗಾಳಿ ತಡೆಯುವ ಪುಟ್ಟ ಗಾಜು, ನಡುವೆ ಅಕ್ಕಪಕ್ಕ ಎರಡು ಕುರ್ಚಿ.

"ಸ್ಟೇರಿಂಗಿಂದೇ ತಗೊಳ್ಳಿ ಯಜಮಾನ್ರೇ," ಎಂದ ಮಾರ್ಸೆಲ್. "ಕೂತಲ್ಲೇ ಬಂಡೆನೂ ಕಾಣುತ್ತೆ, ದಾರಿನೂ ಕಾಣುತ್ತೆ. ಒಬ್ಬರೇ ಹೋಗೋರಿಗೆ ಹೇಳಿ ಮಾಡಿಸಿದ್ದು. ನಿಮ್ಮ ಮನೆಯವರೂ ಪ್ರತಿ ವಸಂತಕ್ಕೆ ಬಂದು ಇಂಥದ್ದನ್ನೇ ನೋಡಿ ಹೋಗ್ತಿದ್ರು."

ಅದು ಆಲ್ವಾರನಿಗೆ ಗೊತ್ತಿದ್ದದ್ದೇ. ಪ್ರತಿ ವಸಂತಕ್ಕೂ ಲೆಂಪಿ ಅಂಥ ದೋಣಿ ಬೇಕೆನ್ನುತ್ತಿದ್ದಳು, ಪ್ರತಿ ವಸಂತಕ್ಕೂ ಅವನು ನಕ್ಕುಬಿಡುತ್ತಿದ್ದ. ಅದು ಪಟ್ಟಣದಿಂದ ಬರುವ ಶೋಕಿಯವರ ದೋಣಿ, ಅದರಲ್ಲಿ ನನಗೇನು ಕೆಲಸ, ಕೈಕಟ್ಟಿ ಪಕ್ಕದಲ್ಲಿ ಕೂರಲಾ ಎನ್ನುತ್ತಿದ್ದ. ಅವಳಿಗೆ ಭುಜ ನೋಯುತ್ತಿರಬೇಕು, ಅದಕ್ಕೇ ಸ್ಟೇರಿಂಗ್ ಕೇಳುತ್ತಾಳೆ ಎಂದುಕೊಂಡು ಒಂದು ಸಲ ಔಷಧಿ ಎಣ್ಣೆಯನ್ನೂ ತಂದುಕೊಟ್ಟಿದ್ದ. ಅವಳು ಎಣ್ಣೆ ಸೀಸೆಯನ್ನು ಕಪಾಟಿನಲ್ಲಿಟ್ಟು, "ಆಯ್ತು ಬಿಡು," ಎಂದಿದ್ದಳು.

"ಹಿಡಿಕೆಯದ್ದೇ ಇರಲಿ," ಎಂದ ಆಲ್ವಾರ್.

"ಹಿಡಿಕೆ ಹಿಡಿಯೋದು ಯಾರು? ಹಿಡಿಯೋಳು ಹೋದಳಲ್ಲೋ," ಎಂದಳು ಜೊತೆಗೆ ಬಂದಿದ್ದ ಇರ್ಯಾ. ಅಂದಮೇಲೆ ತುಟಿ ಕಚ್ಚಿಕೊಂಡಳು.

"ಕಲೀತೀನಿ. ಕತ್ತೆಯಂಥ ಗಂಡಸರೆಲ್ಲ ಕಲ್ತಿದಾರೆ. ನನಗೇನು ಧಾಡಿ?"

ಅವನಿಗೆ ಬೇಕಾದದ್ದು ದೋಣಿಯಲ್ಲ, ಮೊದಲಿನಂತೆಯೇ ಇರುವ ಏನಾದರೂ ಒಂದು. ಮನೆಯಲ್ಲಿ ಯಾವುದೂ ಮೊದಲಿನಂತಿರಲಿಲ್ಲ. ಬೆಳಗಿನ ಕಾಫಿ ಇಬ್ಬರಿಗಾಗುವಷ್ಟು ಮಾಡಿ ಉಳಿದದ್ದನ್ನು ಸಿಂಕಿಗೆ ಚೆಲ್ಲುತ್ತಿದ್ದ. ಒಬ್ಬನಿಗಾಗುವಷ್ಟು ಮಾಡಲು ಹೋದರೆ ನೀರಾಗುತ್ತಿತ್ತು. ದೋಣಿಯೊಂದಾದರೂ ಹಳೆಯದರಂತಿದ್ದರೆ, ಅದರ ಹಲಗೆಯ ಮೇಲೆ ಕೂತಾಗಲಾದರೂ ಎದೆಯ ಮೇಲಿನ ಭಾರ ಇಳಿಯಬಹುದೆಂದು ಅವನ ಲೆಕ್ಕ.

ಮಾರ್ಸೆಲ್ ದೋಣಿಯನ್ನು ಕಟ್ಟೆಗೆ ಒತ್ತಿ ಹಿಡಿದ. ಆಲ್ವಾರ್ ಇಳಿದ. ಇಳಿದವನು ನೇರ ಮುಂದಕ್ಕೆ ಹೋಗಿ, ಮುಂದಿನ ಹಲಗೆಯಲ್ಲಿ ನೀರಿಗೆ ಮುಖ ಮಾಡಿ ಕೂತ. ಟೋಪಿ ಸರಿಮಾಡಿಕೊಂಡ. ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕಾದ.

ಮೋಟರು ಶುರುವಾಗಲಿಲ್ಲ. ಅವನು ಇನ್ನೂ ಕಾದ.

ಕಟ್ಟೆಯ ಮೇಲೆ ಮಾರ್ಸೆಲ್ ನಗಬೇಕೋ ಬೇಡವೋ ತಿಳಿಯದೆ ಇರ್ಯಾಳ ಮುಖ ನೋಡಿದ. ಇರ್ಯಾ ಕಣ್ಣೊರೆಸಿಕೊಂಡು, "ಏ ಮಾರಾಯ, ಮೋಟರು ಹಿಂದಿದೆ," ಎಂದಳು, ತನ್ನ ಎಂದಿನ ಗಡಸು ದನಿಯಲ್ಲೇ.

ಆಲ್ವಾರ್ ಎದ್ದು ಹಲಗೆಗಳನ್ನು ದಾಟಿ ಹಿಂದಕ್ಕೆ ಹೋದ. ಅಷ್ಟು ಚಿಕ್ಕ ದೋಣಿಯಲ್ಲಿ ಅದೊಂದು ದೂರದ ಪ್ರಯಾಣವೆನಿಸಿತು. ಹಗ್ಗ ಎಳೆದ, ಮೋಟರು ಗುರ್ ಎಂದಿತು. ಅವನೊಬ್ಬನ ಭಾರಕ್ಕೆ ಹಿಂಬದಿ ಕುಸಿದು, ಮೂತಿ ಮೇಲೆದ್ದು, ಮುಂದೆ ಏನೆಂದರೆ ಏನೂ ಕಾಣಿಸಲಿಲ್ಲ.

"ಮುಂದೆ ಭಾರ ಬೇಕು!" ಎಂದು ಮಾರ್ಸೆಲ್ ಕೂಗಿದ. "ಒಬ್ಬರೇ ಹೋಗೋರು ಮುಂದೆ ನೀರಿನ ಕ್ಯಾನು ಇಟ್ಕೋತಾರೆ. ತರ್ಲಾ?"

"ಕ್ಯಾನು ಯಾಕೆ, ನಾನಿಲ್ವಾ," ಎಂದು ಇರ್ಯಾ ಸ್ಕರ್ಟು ಎತ್ತಿಹಿಡಿದು ಇಳಿದೇಬಿಟ್ಟಳು. "ತಿಂಡಿ ಹೆಚ್ಚು ತಿಂದದ್ದು ಇವತ್ತು ಉಪಯೋಗಕ್ಕೆ ಬಂತು." ಅಣ್ಣ ಕೂರುತ್ತಿದ್ದಂತೆಯೇ ನೀರಿಗೆ ಮುಖ ಮಾಡಿ ಕೂತಳು.

ಹಿಡಿಕೆಯ ಗುಣ ತಲೆಕೆಳಗು, ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಆಲ್ವಾರ್ ಕುಡಿದವನಂತೆ ಒಂದೆರಡು ಸುತ್ತು ಹಾಕಿದ. ಮಾರ್ಸೆಲ್ ತನ್ನ ಇನ್ನೊಂದು ದೋಣಿಯನ್ನು ಕಟ್ಟೆಯ ಆಚೆಗೆ ಎಳೆದುಕೊಂಡ. ಆಮೇಲೆ ಕೈಗೆ ಹದ ಸಿಕ್ಕಿತು, ದೋಣಿ ನೆಟ್ಟಗೆ ಹೊರಟಿತು. ಆಲ್ವಾರನಿಗೆ ಖುಷಿಯಾಯಿತು. ತಿಂಗಳುಗಳ ನಂತರ ಮೊದಲ ಸಲ ಖುಷಿಯಾಯಿತು, ಅದನ್ನು ಯಾರಿಗಾದರೂ ಹೇಳಬೇಕೆನಿಸಿತು.

"ಇರ್ಯಾ!" ಎಂದ.

ಅವಳು ಅಲುಗಲಿಲ್ಲ. ಬೂದು ಸ್ವೆಟರಿನ ಬೆನ್ನು, ತಲೆಗೆ ಕಟ್ಟಿದ ವಸ್ತ್ರದ ಗಂಟು, ಅಷ್ಟೇ ಕಾಣುತ್ತಿತ್ತು.

"ಇರ್ಯಾ, ನೋಡೇ, ಬಂತು ನನಗೆ!"

ಗಾಳಿ ಎದುರಿನಿಂದ ಬೀಸುತ್ತಿತ್ತು. ಅವನ ಮಾತು ಅವನ ಬಾಯಿಂದಲೇ ಹಿಂದಕ್ಕೆ ಹಾರಿಹೋಯಿತು. ಅವನು ಇನ್ನೊಮ್ಮೆ, ಗಂಟಲು ಹರಿಯುವಂತೆ ಕೂಗಿದ. ಬೆನ್ನು ಬೆನ್ನಾಗಿಯೇ ಉಳಿಯಿತು. ಇಷ್ಟು ಹತ್ತಿರದಲ್ಲಿ ಕೂತವಳು ಇಷ್ಟು ದೂರದಲ್ಲಿದ್ದಾಳಲ್ಲ ಎಂದು ಅವನಿಗೆ ಮೊದಲು ಸಿಟ್ಟು ಬಂತು. ಅವನು ಮೋಟರು ಆರಿಸಿಬಿಟ್ಟ.

ಸದ್ದಡಗಿತು. ದೋಣಿ ತನ್ನ ಪಾಡಿಗೆ ತೇಲಿತು. ಇರ್ಯಾ ಈಗ ತಿರುಗಿದಳು.

"ಏನಾಯ್ತೋ? ಕೆಟ್ಟೋಯ್ತಾ?"

"ಕರೆದೆ ನಿನ್ನ."

"ಯಾವಾಗ?"

"ಆಗಿಂದ ಕರೀತಾನೇ ಇದೀನಿ."

"ಈ ಮೋಟರು, ಈ ಗಾಳಿ! ಮುಂದೆ ಕೂತವರಿಗೆ ಎಲ್ಲಿ ಕೇಳಿಸುತ್ತೆ? ಇಷ್ಟು ವರ್ಷ ಇಲ್ಲೇ ಕೂತಿದ್ದೆಯಲ್ಲ, ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ತನ್ನ ಕೂಗು ಹಿಂದಕ್ಕೆ ಕೇಳಿಸದೆಂದು ಗೊತ್ತಿತ್ತು, ಹಿಂದಿನಿಂದಲೂ ಯಾರಾದರೂ ಕೂಗಿರಬಹುದೆಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಅವನು ಕೈಯೆತ್ತಿ ಹೇಳಿದ್ದೆಲ್ಲ ಹಿಂದೆ ಕೂತವಳಿಗೆ ತಲುಪುತ್ತಿತ್ತು. ಹಿಂದೆ ಕೂತವಳದು ಮುಂದಕ್ಕೆ ಬರಲು ದಾರಿಯೇ ಇರಲಿಲ್ಲ. ಲೆಂಪಿಯೂ ಕರೆದಿರುತ್ತಾಳೆ. ನೀರುಹಕ್ಕಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಹೋಗುವುದನ್ನು ಕಂಡಾಗ, ಆಕಾಶ ಕೆಂಪಾದಾಗ, ಸುಮ್ಮನೆ ಖುಷಿಯಾದಾಗ ಕರೆದಿರುತ್ತಾಳೆ. ಎಷ್ಟು ಸಲ ಕರೆದು ಯಾವಾಗ ಬಿಟ್ಟುಬಿಟ್ಟಳೋ. ಅವಳಿಗೆ ಭುಜ ನೋಯುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸ್ಟೇರಿಂಗೂ ಅಲ್ಲ, ಪಕ್ಕದ ಕುರ್ಚಿ.

"ಯಾಕೆ ಕರೆದೆ? ಏನು ವಿಷಯ?" ಎಂದಳು ಇರ್ಯಾ.

"ಏನಿಲ್ಲ. ಸುಮ್ಮನೆ."

ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ. ಇರ್ಯಾ ಅಣ್ಣ ಅತ್ತದ್ದನ್ನು ಲೆಂಪಿಯ ಮಣ್ಣಿನ ದಿನವೂ ನೋಡಿರಲಿಲ್ಲ. ಹತ್ತಿರ ಹೋಗೋಣವೆಂದು ಅರ್ಧ ಎದ್ದಳು, ದೋಣಿ ವಾಲಿತು, ಮತ್ತೆ ಕೂತಳು.

"ಆ ಇನ್ನೊಂದೇ ತಗೋತೀನಿ," ಎಂದ ಆಲ್ವಾರ್. "ಪಕ್ಕಪಕ್ಕ ಕೂರೋದು."

"ಅಂತೂ ಬುದ್ಧಿ ಬಂತಲ್ಲ ನಿನಗೆ," ಎಂದಳು ಇರ್ಯಾ, ಅವನನ್ನು ಹೇಗಾದರೂ ನಗಿಸಬೇಕೆಂದು.

"ಬಂತು," ಎಂದ ಅವನು. "ಅವಳು ಹೋದಮೇಲೆ ಬಂತು."