ರಾಧಾಳ ಗಾರ್ಡಿಯನ್

ಗಂಡ ಸತ್ತ ಮೇಲೆ ನರಸಕ್ಕನಿಗೆ ಭಾವ ಸಿದ್ದಬಸಪ್ಪನೇ ಕೋರ್ಟು, ಅವನು ಆಡಿದ್ದೇ ಕಾನೂನು. ಮಕ್ಕಳು ತಂದೆಯ ಮನೆತನಕ್ಕೆ ಸೇರಿದವರು, ತಾಯಿಗೇನು ಹಕ್ಕು ಎಂದು ಅವನು ಹೇಳಿದ್ದ, ಇವಳು ನಂಬಿದ್ದಳು. ಹನ್ನೆರಡು ವರ್ಷದ ರಾಧಾಳನ್ನು ‘ಕೆಲಸ ಕಲಿಯಲಿ’ ಎಂದು ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಬಿಟ್ಟವನೂ ಅವನೇ. ಕಲಿತದ್ದೇನು? ದಿನವಿಡೀ ಪ್ಯಾಂಟುಗಳ ದಾರ ಕತ್ತರಿಸುವುದು. ಅದಕ್ಕೂ ಒಬ್ಬ ಗುರು ಬೇಕೆ?

ಆದರೂ ಸಂಜೆಗೆ ಮಗಳು ಮನೆಗೆ ಬರುತ್ತಿದ್ದಳು, ಅಷ್ಟೇ ಸಮಾಧಾನ. ಈಗ ಅವಳನ್ನು ಬಳ್ಳಾರಿಯ ಯೂನಿಟ್ಟಿಗೆ ಒಯ್ಯುತ್ತಾರಂತೆ, ಅಲ್ಲೇ ಇರಬೇಕಂತೆ. ಹಾಗೆ ಹೋದ ಪಕ್ಕದ ಓಣಿಯ ಹುಡುಗಿ ಎಲ್ಲಿದ್ದಾಳೆಂದು ಇವತ್ತಿಗೂ ಅವಳ ಮನೆಯವರಿಗೆ ಗೊತ್ತಿಲ್ಲ. ಸುದ್ದಿ ಕೇಳಿದ ನರಸಕ್ಕ ಒಲೆಯ ಮೇಲಿನ ಅನ್ನ ಬಿಟ್ಟು ಯೂನಿಟ್ಟಿಗೆ ಓಡಿದಳು.

“ನನ್ ಮಗಳ್ನ ಕಳಿಸ್ರಿ,” ಎಂದು ಮಾಲೀಕನನ್ನು ಕೇಳಿದಳು.

“ಗಾರ್ಡಿಯನ್ ನಾನ ಅಂತ ಸಿದ್ದಬಸಪ್ಪ ಸಹಿ ಹಾಕ್ಯಾನ. ನೀ ಕರ್ಕೊಂಡು ಹೋದ್ರ ಕಳ್ಳತನ ಆಗ್ತೈತಿ. ಪೊಲೀಸ್ನೋರು ಒಳಗ ಹಾಕ್ತಾರ.”

ಹೆತ್ತ ಮಗಳನ್ನು ಕದಿಯುವುದು ಅಂದರೇನು ಎಂದು ಕೇಳಬೇಕಿತ್ತು. ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಪೊಲೀಸ್ ಎಂದರೆ ಜೀವ ಬಾಯಿಗೆ ಬರುವ ಹೆಂಗಸು. ಅಷ್ಟರಲ್ಲಿ ರಾಧಾಳ ಬಟ್ಟೆಯ ಚೀಲ ಹಿಡಿದು ಭಾವನೂ ಬಂದ. ಅವನೆದುರು ಎಂದೂ ಬಾಯಿ ಬಿಡದ ನರಸಕ್ಕ ಸೆರಗು ಎಳೆದುಕೊಂಡು ಬಾಗಿಲ ಮೂಲೆಗೆ ಸರಿದಳು. ಒಳಗಿನಿಂದ ರಾಧಾ ಅಮ್ಮನನ್ನೇ ನೋಡುತ್ತಿದ್ದಳು.

ಆಗ ಅಂಗಳಕ್ಕೆ ಜೀಪು ನುಗ್ಗಿತು. “ಲೇಬರ್ ಆಫೀಸರ್ ಬಂದ್ರು!” ಎಂದು ಯಾರೋ ಕೂಗಿದರು. ಮಾಲೀಕ ರಾಧಾಳನ್ನು ಪ್ಯಾಂಟಿನ ರಾಶಿಯ ಹಿಂದೆ ನೂಕಿದ. ಆಫೀಸರ್ ಜೊತೆಗೆ ಬಂದಿದ್ದ ಪೊಲೀಸಿನವನು ಅವಳನ್ನು ಹುಡುಕಿ ಹೊರಗೆ ತಂದ.

“ವಯಸ್ಸೆಷ್ಟು?”

“ಹನ್ನೆರಡ್ರಿ.”

ಆಫೀಸರ್ ಕೆಂಡವಾದರು. “ಈ ಕೂಸಿನ ಗಾರ್ಡಿಯನ್ ಯಾರು? ಮುಂದ ಬರ್ರಿ!”

ಮಾಲೀಕ ಸಿದ್ದಬಸಪ್ಪನತ್ತ ಬೆರಳು ತೋರಿಸಿದ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಅನ್ನುವುದು ಇಂಥವರಿಗೇ. ಅವನ ದನಿ ಕೀರಲಾಯಿತು. “ದೇವ್ರಾಣಿ ನಾನಲ್ರಿ ಸಾರ್! ನಾ ಬರೇ ದೊಡ್ಡಪ್ಪ. ಹಡೆದಾಕಿ ಅಲ್ಲಿ ನಿಂತಾಳ ನೋಡ್ರಿ, ಆಕೀನ ಗಾರ್ಡಿಯನ್. ಕೂಸಿನ ಮ್ಯಾಲ ನನಗ ಯಾವ ಹಕ್ಕೂ ಇಲ್ರಿ.”

ಎಲ್ಲರ ಕಣ್ಣೂ ನರಸಕ್ಕನ ಮೇಲೆ ಬಿದ್ದವು. ಹೌದೆಂದರೆ ಜೈಲು, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅಲ್ಲವೆಂದರೆ ಮಗಳು ಬಳ್ಳಾರಿ ಪಾಲು. ಅವಳು ಬಾಗಿಲ ಮೂಲೆಯಿಂದ ಮುಂದೆ ಬಂದಳು.

“ನಾನ ರೀ,” ಎಂದಳು. “ಆಕಿ ನನ್ ಮಗಳು.”

ಆಫೀಸರ್ ಬರೆದುಕೊಳ್ಳತೊಡಗಿದರು. ನರಸಕ್ಕ ಭಾವನ ಕೈಯಿಂದ ಚೀಲ ಕಿತ್ತು ಮಗಳ ಹೆಗಲಿಗೆ ಹಾಕಿದಳು. “ನೇಮಕಲ್ಲಿನ ಬಸ್ ಹತ್ತು. ಅಜ್ಜಿ ಹಂತ್ಯಾಕ ಇರು. ನನ್ನ ಯಾವಾಗ ಬಿಡ್ತಾರೋ ಗೊತ್ತಿಲ್ಲ. ಅಳಬ್ಯಾಡ.” ಆಮೇಲೆ ಪೊಲೀಸಿನವನ ಕಡೆ ತಿರುಗಿ ಎರಡೂ ಕೈ ಚಾಚಿದಳು.

“ಕೈ ಯಾಕ ಚಾಚ್ತೀಯಮ್ಮ?” ಎಂದರು ಆಫೀಸರ್. “ಕೇಸು ಮಾಲೀಕನ ಮ್ಯಾಲ. ತಂದೆ ಇಲ್ಲಂದ್ರ ತಾಯೀನ ಗಾರ್ಡಿಯನ್, ಕಾನೂನು ಇರೋದ ಹಂಗ. ಕೂಸಿನ ದೊಡ್ಡಪ್ಪನೂ ಎಲ್ಲರ ಮುಂದ ಒಪ್ಕೊಂಡಾನ. ಕೂಸನ್ನ ಒಬ್ಬಾಕೀನ ಕಳಿಸ್ಬ್ಯಾಡ, ನೀನ ಕರ್ಕೊಂಡು ಹೋಗು.”

ಮಾತು ಅರ್ಥವಾಗದೆ ನರಸಕ್ಕ ಕೈ ಚಾಚಿಕೊಂಡೇ ನಿಂತಿದ್ದಳು. ರಾಧಾ ಬಂದು ಆ ಕೈ ಹಿಡಿದುಕೊಂಡಳು.