ಮೇಸ್ತ್ರಿ ಒಪ್ಪಿಕೊಳ್ಳದ ಊರು

ನನ್ನ ಗಂಡ ಗಾರೆ ಕೆಲಸದ ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಇಟ್ಟಿಗೆ, ಮರಳು, ಸಿಮೆಂಟಿನ ಜೊತೆಗೇ ಬಾಳಿದ ಮನುಷ್ಯ. ಅಂಥವರಿಗೆ ಹನ್ನೆರಡು ದಿನ ಮನೆಯಲ್ಲಿ ಸುಮ್ಮನೆ ಕೂತಿರಿ ಅಂದುಬಿಟ್ಟರು ಡಾಕ್ಟರು. ಕುತ್ತಿಗೆಯ ಬಲಗಡೆ ಒಂದು ಗಂಟು ಎದ್ದಿತ್ತು. ಅದರಲ್ಲೊಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ನಾಲ್ಕು ಹೊಲಿಗೆ ಹಾಕಿ, ಧೂಳು ಬೇಡ, ಭಾರ ಎತ್ತೋದು ಬೇಡ, ಹನ್ನೆರಡನೇ ದಿನ ಬಂದು ರಿಪೋರ್ಟು ನೋಡಿ ಅಂತ ಹೇಳಿದರು. ನಾನು ಸ್ಕೂಲ್ ಯೂನಿಫಾರಂ ಹೊಲಿಯೋ ಟೈಲರ್, ಹೊಲಿಗೆ ನೋಡಿದರೆ ನನಗೆ ಗೊತ್ತಾಗುತ್ತೆ. ಚೆನ್ನಾಗೇ ಹಾಕಿದ್ದರು. ಒಳಗೆ ಏನಿದೆ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ರೋಗದ ಹೆಸರನ್ನ ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಇದ್ದರೆ ಬರೋದಿಲ್ಲ ಅಂತಲೋ ಏನೋ.

ಮೊದಲೆರಡು ದಿನದಲ್ಲೇ ನನ್ನ ತಲೆ ಚಿಟ್ಟು ಹಿಡಿಯಿತು. ಬೆರಳ ಗೆಣ್ಣಿನಿಂದ ಮನೆಯ ಒಂದೊಂದು ಟೈಲ್ಸನ್ನೂ ಕುಟ್ಟಿ, 'ಇದರ ಕೆಳಗೆ ಟೊಳ್ಳಿದೆ ಕಣೇ' ಅನ್ನೋದು. ನಾನು ಮೆಷಿನ್ ಮುಂದೆ ಕೂತರೆ ಟೇಬಲ್ ಮೇಲೆ ರಸಮಟ್ಟ ಇಟ್ಟು, 'ಎಡಕ್ಕೆ ವಾಲಿದೆ' ಅನ್ನೋದು. "ರೀ, ವಾಲಿರೋದು ಟೇಬಲ್ ಅಲ್ಲ, ನನ್ನ ತಲೆ" ಅಂದೆ. ಬೇರೆ ಊರಲ್ಲಿರೋ ಮಗಳಿಗೆ ಫೋನ್ ಮಾಡಿ ಗೋಳು ಹೇಳಿಕೊಂಡರೆ, ಅವಳು ನಗ್ತಾ ಹೇಳಿದಳು: "ಅಮ್ಮಾ, ನನ್ನ ಹಳೇ ಕಂಪ್ಯೂಟರ್ ಅಲ್ಲೇ ಇದೆಯಲ್ಲ. ಅಪ್ಪಂಗೆ ಊರು ಕಟ್ಟೋ ಆಟ ಒಂದು ಹಾಕಿಸಿಕೊಡು. ರಸ್ತೆ, ಮನೆ, ಸೇತುವೆ ಎಲ್ಲಾ ತಾವೇ ಕಟ್ಟಬಹುದು. ಧೂಳೂ ಇಲ್ಲ, ಭಾರಾನೂ ಇಲ್ಲ."

ಮೂರನೇ ದಿನ ಬೆಳಿಗ್ಗೆ ಕಂಪ್ಯೂಟರ್ ಚೀಲಕ್ಕೆ ತುಂಬಿಕೊಂಡು ಇಬ್ಬರೂ ಮಾರ್ಕೆಟ್ ಹಿಂದಿನ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯಾಕೆ ನನ್ನ ವಯಸ್ಸಿನವಳೇ, ಕನ್ನಡಕವನ್ನ ಹಣೆ ಮೇಲಿಟ್ಟುಕೊಂಡು ಅದನ್ನೇ ಹುಡುಕೋ ಜಾತಿ. ವಿಷಯ ಕೇಳಿ ಖುಷಿಯಾದಳು. "ಮನೆ ಕಟ್ಟಿ ನೋಡು ಅಂತಾರೆ, ನೀವು ಒಂದೇ ಸಲ ಊರು ಕಟ್ಟಿ ನೋಡ್ತೀನಿ ಅಂತೀರಲ್ಲ ಸಾರ್! ಮೂರು ಆಟ ಇದೆ. ಕೂತು ಆಡಿ, ಯಾವುದು ಹಿಡಿಸುತ್ತೋ ಅದನ್ನ ಹಾಕಿಕೊಡ್ತೀನಿ."

ಮೊದಲನೆಯದು ಕೋಟೆ ಕೊತ್ತಲದ್ದು. ಹತ್ತು ನಿಮಿಷ ಕಷ್ಟಪಟ್ಟು ನಮ್ಮ ಮೇಸ್ತ್ರಿ ಒಂದು ಬೀದಿ ಕಟ್ಟಿದರು. ಅಷ್ಟರಲ್ಲಿ ಎಲ್ಲಿಂದಲೋ ಕುದುರೆ ಮೇಲೆ ಬಂದವರು ಅದಕ್ಕೆ ಬೆಂಕಿ ಇಟ್ಟರು. ಮೇಸ್ತ್ರಿ ಮೌಸು ಬಿಟ್ಟು ಕೈ ಒದರಿದರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇದು ಬೇಡಮ್ಮ."

ಎರಡನೆಯದು ಪುಟ್ಟ ದ್ವೀಪ. ಬಣ್ಣಬಣ್ಣದ ಮನೆಗಳನ್ನ ಸಾಲಾಗಿ ಇಡ್ತಾ ಹೋದರಾಯಿತು. "ಪಾಯ ಇಲ್ಲ, ಕಂಬಿ ಇಲ್ಲ. ಮನೇನೋ, ಮಿಠಾಯೀನೋ?" ಅಂದರು.

ಮೂರನೆಯದನ್ನ ತೆರೆದ ಕೂಡಲೇ ಮನುಷ್ಯನ ಬೆನ್ನು ನೆಟ್ಟಗಾಯಿತು. ನದಿ, ಗುಡ್ಡ, ಖಾಲಿ ಬಯಲು. ನೀರಿನ ಕೊಳವೆ ಎಲ್ಲಿಂದ ಎಳೀಬೇಕು, ಚರಂಡಿ ಯಾವ ಕಡೆ ಇಳೀಬೇಕು, ಕರೆಂಟು, ಬಸ್ಸು, ಆಸ್ಪತ್ರೆ, ಎಲ್ಲಾ ನಾವೇ ನೋಡಿಕೋಬೇಕು. ಜನ ಬಂದು ಸೇರಿಕೊಳ್ತಾರೆ, ಅವರಿಗೆ ಮಕ್ಕಳಾಗುತ್ತೆ, ಮಕ್ಕಳು ದೊಡ್ಡವರಾಗ್ತಾರೆ. "ಹ್ಞಾ! ಚರಂಡಿ ಮೊದಲು, ಮನೆ ಆಮೇಲೆ. ಈ ಆಟ ಮಾಡಿದೋನು ಕೆಲಸ ಬಲ್ಲೋನು!" ಅಂತ ಅಂಗಡಿಯಾಕೆಗೇ ಪಾಠ ಹೇಳೋಕೆ ಶುರು ಮಾಡಿದರು. ಕುತ್ತಿಗೆಯ ಪ್ಲಾಸ್ಟರೇ ಮರೆತುಹೋಗಿತ್ತು. ನನಗೆ ಎಷ್ಟೋ ದಿನದ ಮೇಲೆ ಜೀವ ಬಂದ ಹಾಗಾಯಿತು.

ಆಮೇಲೆ ಅವರು ಯಾವ ಕೆಲಸಕ್ಕೆ ಹೋದರೂ ಕೇಳೋದನ್ನೇ ಕೇಳಿದರು. ಮನೆ ಕಟ್ಟಿಸೋರ ಹತ್ತಿರ ಕೆಲಸ ಒಪ್ಪಿಕೊಳ್ಳೋ ಮುಂಚೆ ಲೆಕ್ಕ ಹಾಕ್ತಾರಲ್ಲ, ಹಾಗೆ. "ಇದು ಮುಗಿಯೋಕೆ ಎಷ್ಟು ದಿನ ಹಿಡಿಯುತ್ತಮ್ಮ?"

"ಇದು ಮುಗಿಯೋದೇ ಇಲ್ಲ ಸಾರ್. ನಮ್ಮ ಯಜಮಾನರು ಒಂದೇ ಊರನ್ನ ನಾಲ್ಕು ವರ್ಷದಿಂದ ಕಟ್ತಾ ಇದ್ದಾರೆ."

ಮೇಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡರು. "ಆ ದ್ವೀಪದ್ದು?"

"ಅದಾ? ಐದಾರು ಗಂಟೆ."

"ಅದನ್ನೇ ಹಾಕಿಕೊಡಿ."

ಮೂವತ್ತೊಂದು ವರ್ಷ ಜೊತೆಗೆ ಬಾಳಿದ್ದೀನಿ, ಅವರ ಕಸುಬಿನ ಮಾತು ನನಗೂ ಬಾಯಿಪಾಠ. ಮುಗಿಸೋಕಾಗದ ಕೆಲಸಕ್ಕೆ ಗುದ್ದಲಿ ಹಾಕಬಾರದು, ಅದು ಅವರ ನೇಮ. ಹಿಂದಿನ ದಿನ ಸ್ಕೂಲಿನವರು ಕಾಂಪೌಂಡ್ ಕೆಲಸಕ್ಕೆ ಕರೆದಾಗ 'ಬೇರೆಯವರನ್ನ ನೋಡಿಕೊಳ್ಳಿ' ಅಂದಿದ್ದರು. ಅದರ ಹಿಂದಿನ ದಿನ ಗಾರೆ ಮೆತ್ತೋ ತಮ್ಮ ಕರಣೆಯನ್ನ ತೊಳೆದು, ಒರೆಸಿ, ಪೇಂಟರ್ ಗೆಳೆಯನ ಕೈಗೆ ಕೊಟ್ಟು 'ಇಟ್ಟುಕೋ' ಅಂದಿದ್ದರು. ಬೇಜಾರಿಗೆ ಹಾಗೆ ಮಾಡ್ತಿದ್ದಾರೆ ಅಂದುಕೊಂಡಿದ್ದೆ, ದಡ್ಡಿ! ಮನುಷ್ಯ ಒಂದೊಂದೇ ಕೆಲಸ ಮುಗಿಸಿ, ಅಂಗಳ ಗುಡಿಸಿ, ಹೊರಡೋಕೆ ತಯಾರಾಗ್ತಾ ಇದ್ದರು. ರಿಪೋರ್ಟು ಬರೋ ಮುಂಚೇನೇ.

ಅಂಗಡಿಯಲ್ಲಿ ಜಗಳ ಆಡೋ ಹಾಗಿರಲಿಲ್ಲ. ಅವರು ಚಪ್ಪಲಿ ಹಾಕಿಕೊಳ್ತಾ ಇದ್ದಾಗ ನಾನು ಅಂಗಡಿಯಾಕೆ ಕಿವಿಯಲ್ಲಿ ಪಿಸುಗುಟ್ಟಿದೆ: "ದೊಡ್ಡದನ್ನೂ ಹಾಕಿಬಿಡಿ."

ದ್ವೀಪದ ಕೆಲಸವನ್ನ ಅವರು ಮಾರನೇ ದಿನ ಮಧ್ಯಾಹ್ನಕ್ಕೇ ಮುಗಿಸಿದರು. ಪರದೆ ಮೇಲೆ ಪಟಾಕಿ ಹಾರಿತು. ಅದನ್ನ ನೋಡಿ, ಕಂಪ್ಯೂಟರ್ ಮೇಲೆ ಬಟ್ಟೆ ಮುಚ್ಚಿ, ಕಿಟಕಿ ಹತ್ತಿರ ಹೋಗಿ ಕೂತರು. ಇನ್ನೂ ಎಂಟು ದಿನ ಇತ್ತು. ನಾನು ಬಟ್ಟೆ ತೆಗೆದು ದೊಡ್ಡ ಆಟ ತೋರಿಸಿದೆ. "ಇದೂ ಇದೆ. ಶುರು ಮಾಡಿ."

"ಬೇಡ."

"ಯಾಕೆ ಬೇಡ?"

"ಪಾಯ ತೋಡಿ ಅರ್ಧಕ್ಕೆ ಬಿಟ್ಟು ಹೋಗಬಾರದು ಕಣೇ. ಗುಂಡಿಗೆ ಯಾರಾದರೂ ಬೀಳ್ತಾರೆ."

ನನ್ನ ಮೈಯೆಲ್ಲಾ ಉರಿದುಹೋಯಿತು. ಕೈಯಲ್ಲಿದ್ದ ಕತ್ತರಿಯನ್ನ ಟೇಬಲ್ ಮೇಲೆ ಕುಕ್ಕಿದೆ. "ಬಿಟ್ಟು ಹೋಗ್ತೀರಾ? ಎಲ್ಲಿಗ್ರೀ ಹೋಗ್ತೀರಾ? ಆ ಗುಂಡಿಗೆ ಬೀಳೋಳು ನಾನೇ ತಾನೇ? ನೀವು ಕರಣೆ ಕೊಟ್ಟುಬಿಟ್ಟಿರಿ, ಕೆಲಸ ಬಿಟ್ಟುಬಿಟ್ಟಿರಿ, ನನ್ನನ್ನ ಯಾರಿಗೆ ಕೊಟ್ಟು ಹೋಗಬೇಕು ಅಂತಿದ್ದೀರಿ? ಬಾಯಿಬಿಟ್ಟು ಹೇಳಿ!"

ಅವರು ಕಿಟಕಿ ಕಡೆಗೆ ಮುಖ ತಿರುಗಿಸಿದರು. ಹೇಳದಿದ್ದರೆ ಕತ್ತೆ ಬಾಲ ಅಂತ ನಾನೇ ಕುರ್ಚಿ ಎಳೆದುಕೊಂಡು ಕೂತು ಊರು ಕಟ್ಟೋಕೆ ಶುರು ಮಾಡಿದೆ.

ನನಗೇನು ಗೊತ್ತು? ಬಟ್ಟೆಗೆ ಗುರುತು ಹಾಕಿದ ಹಾಗೆ ಉದ್ದಕ್ಕೆ ಅಡ್ಡಕ್ಕೆ ರಸ್ತೆ ಎಳೆದೆ. ಮಧ್ಯದ ಗುಡ್ಡ ಅಡ್ಡ ಬಂತು, ಅದರ ನೆತ್ತಿ ಮೇಲೇ ರಸ್ತೆ ಹತ್ತಿಸಿದೆ. ಹೊಲಿಗೆ ಕೆಲಸ ಮುಗಿಸಿ ದಿನಾ ಮಧ್ಯಾಹ್ನ ಒಂದೆರಡು ಗಂಟೆ ಕೂರ್ತಿದ್ದೆ. ಮನೆಗಳೆದ್ದವು, ಜನ ಬಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನಗೆ ನನ್ನ ಊರು ಬಹಳ ಚೆಂದ ಕಾಣಿಸಿತು. ಕಿಟಕಿ ಹತ್ತಿರ ಇದ್ದ ಕುರ್ಚಿ ದಿನಕ್ಕೊಂದು ಗೇಣು ಈ ಕಡೆಗೆ ಸರೀತಾ ಬಂತು. ನಾನು ನೋಡಿದರೂ ನೋಡದ ಹಾಗೆ ಇದ್ದೆ.

ಹತ್ತನೇ ದಿನ ನನ್ನ ಊರಿನ ಜನಕ್ಕೆಲ್ಲಾ ಒಟ್ಟಿಗೇ ಕಾಯಿಲೆ ಬಂತು. ಆಸ್ಪತ್ರೆ ತುಂಬಿತು, ಮನೆಗಳ ಮೇಲೆಲ್ಲಾ ಕೆಂಪು ಗುರುತು.

"ಅಯ್ಯೋ ಪುಣ್ಯಾತ್ಗಿತ್ತಿ!" ಹಿಂದಿನಿಂದ ಗುಡುಗಿದರು. "ಕುಡಿಯೋ ನೀರು ಎತ್ತೋ ಜಾಗದ ಮೇಲ್ಗಡೇನೇ ಚರಂಡಿ ಬಿಟ್ಟಿದ್ದೀಯಲ್ಲೇ! ನದಿ ಯಾವ ಕಡೆ ಹರಿಯುತ್ತೆ ಅಂತಾದರೂ ನೋಡಬಾರದಾ?"

"ನೋಡೋರು ಕಿಟಕಿ ಹತ್ತಿರ ಕೂತಿದ್ದರಲ್ಲ."

ಅವರ ಕೈ ಮೌಸಿನ ತನಕ ಬಂತು. ಅಲ್ಲೇ ನಿಂತಿತು. ಮತ್ತೆ ಹಿಂದಕ್ಕೆ ಹೋಯಿತು. ನನಗೆ ಅಳು ಉಕ್ಕಿ ಬಂತು. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಹನ್ನೆರಡನೇ ದಿನ ಆಸ್ಪತ್ರೆಯಲ್ಲಿ ನಮ್ಮ ಸರದಿ ಹನ್ನೊಂದು ಗಂಟೆಗೆ ಬಂತು. ಡಾಕ್ಟರು ಲಕೋಟೆ ಹರಿದು ಒಂದು ಹಾಳೆ ಓದಿದರು, ಎರಡನೇ ಹಾಳೆ ಓದಿದರು. ನಾನು ಅವರ ಹುಬ್ಬನ್ನೇ ನೋಡ್ತಾ ಇದ್ದೆ. "ಏನೂ ಇಲ್ಲ" ಅಂದರು. "ಬರೀ ಕೊಬ್ಬಿನ ಗಂಟು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋಗಿ."

"ಏನೂ ಇಲ್ಲ ಅಂದರೆ ಏನೂ ಇಲ್ಲವಾ?" ಅಂದೆ.

"ಏನೂ ಇಲ್ಲಮ್ಮ."

"ಹೆಸರು ನೋಡಿದಿರಾ? ಇವರದೇ ತಾನೇ?"

ಡಾಕ್ಟರು ನಕ್ಕು ಹಾಳೆಯನ್ನ ನನ್ನ ಕಡೆಗೆ ತಿರುಗಿಸಿದರು. ನಾನು ಹೆಸರು, ವಯಸ್ಸು, ವಿಳಾಸ ಎಲ್ಲಾ ಬೆರಳಿಟ್ಟು ಓದಿದೆ. ಅವರದೇ.

ಹೊಲಿಗೆ ಬಿಚ್ಚಿಸಿಕೊಂಡು ಹೊರಗೆ ಬಂದ ಮೇಲೆ ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಪಕ್ಕದಲ್ಲಿ ಅವರೂ ಕೂತರು. ಓಡಾಡೋ ಜನ ನಮ್ಮನ್ನ ಬಳಸಿಕೊಂಡು ಹೋದರು. ಕುತ್ತಿಗೆ ಮುಟ್ಟಿಕೊಂಡು, "ನನಗೆ ಭಯ ಆಗಿತ್ತು ಕಣೇ" ಅಂದರು. ಮೂರನೇ ಅಂತಸ್ತಿಗೆ ಕಟ್ಟಿದ ಸಾರುವೆ ಹಲಗೆ ಮೇಲೆ ಬರಿಗಾಲಲ್ಲಿ ನಡೆಯೋ ಮನುಷ್ಯ! ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ನನಗೂ" ಅಂದೆ. "ಮೊದಲೇ ಹೇಳೋಕೆ ನಿಮಗೇನು ಧಾಡಿ?" ಅಂತ ಬೆನ್ನಿಗೊಂದು ಗುದ್ದಿದೆ. ಆಮೇಲೆ ಎಲ್ಲರ ಎದುರೇ ಗೊಳೋ ಅಂತ ಅತ್ತೆ. ಅಷ್ಟು ಹಗುರ ನಾನು ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದವರು ಊಟಕ್ಕೂ ಕಾಯಲಿಲ್ಲ. ಕೈಕಾಲು ತೊಳೆದುಕೊಂಡು ನೇರ ಕಂಪ್ಯೂಟರ್ ಮುಂದೆ ಕೂತರು. ನನ್ನ ಊರು ತೆರೆದುಕೊಂಡಿತು. ಅರ್ಧ ಜನ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು, ಉಳಿದವರು ಇನ್ನೂ ಆ ಕೊಳಕು ನೀರನ್ನೇ ಕುಡೀತಾ ಇದ್ದರು.

"ಅದನ್ನ ಅಳಿಸಿ ಹೊಸದು ಶುರು ಮಾಡಿ" ಅಂದೆ. ನನಗೂ ನಾಚಿಕೆ ಆಗಿತ್ತು.

"ಜನ ಇರೋ ಮನೇನ ಕೆಡವೋದಾ? ಚೆನ್ನಾಗಿ ಹೇಳಿದೆ." ಚರಂಡಿಯ ಕೊಳವೆಯನ್ನ ನದಿಯ ಕೆಳಗಡೆಗೆ ತಿರುಗಿಸಿದರು. ಗುಡ್ಡದ ರಸ್ತೆ ನೋಡಿ ತಲೆ ಚಚ್ಚಿಕೊಂಡರು. ಊರಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ, ಗದ್ದ ಕೆರೆದುಕೊಂಡು, ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಏನಿಲ್ಲ ಅಂದರೂ ಐದಾರು ವರ್ಷದ ಕೆಲಸ ಇಟ್ಟಿದ್ದೀಯ" ಅಂದರು.

"ಒಪ್ಪಿಕೊಳ್ತೀರೋ?" ಅಂದೆ.

"ಹ್ಞೂಂ" ಅಂದರು.